ಕೆಮ್ಮು, ಬಿಂದಿಗೆ, ಬಾಣಂತನ

ಜೀವನ್ ಬಿಮಾ ನಗರದಲ್ಲಿ ಬಾಡಿಗೆಗೆ ಇರುವ ನನ್ನಂಥವರಿಗೆ ‘ಪ್ರೆಶರ್’ ಅಂದರೆ ಎರಡೇ ಅರ್ಥ. ಒಂದು ಆಫೀಸಿನದ್ದು. ಇನ್ನೊಂದು ಮೂರನೇ ಮಹಡಿಯ ನಲ್ಲಿಗೆ ಬಾರದೇ ಇರುವಂಥದ್ದು. ಆದರೆ ನಮ್ಮ ಬಡಾವಣೆಯ ಅಕ್ಕಪಕ್ಕ ಒಮ್ಮೆ ಕಣ್ಣಾಡಿಸಿ. 1940ರಲ್ಲಿ ಶುರುವಾದ ಎಚ್‌ಎಎಲ್ ಇದೆ. 1959ರಲ್ಲಿ ಹುಟ್ಟಿ ಮರುವರ್ಷ ಬೆಂಗಳೂರಿಗೆ ಬಂದ ಎನ್‌ಎಎಲ್ ಇದೆ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಿಂದ ಇದೆ. ಒಂದು ವಸ್ತು ಎಷ್ಟು ಒತ್ತಡ ತಡೆಯುತ್ತದೆ, ಎಷ್ಟು ಸಲ ತಡೆಯುತ್ತದೆ, ಎಲ್ಲಿ ಮೊದಲು ಬಿರುಕು ಬಿಡುತ್ತದೆ ಅನ್ನೋದನ್ನು ಅಳೆಯುವುದೇ ಕಸುಬಾಗಿರುವ ಜನ ನಮ್ಮ ಬೀದಿಗಳಲ್ಲೇ ತರಕಾರಿ ಕೊಳ್ಳುತ್ತಾರೆ.

ಇದೇ ಬೀದಿಗಳಲ್ಲಿ ದಿನಾ ಒತ್ತಡಕ್ಕೆ ಸಿಗುವ ಇನ್ನೊಂದು ರಚನೆ ಇದೆ. ಅದರ ಲೆಕ್ಕ ಇಡೋದು ಶುರುವಾಗಿ ನೂರು ವರ್ಷವೂ ಆಗಿಲ್ಲ. ಹೆಣ್ಣಿನ ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ತೊಟ್ಟಿಲ ಬಟ್ಟೆಯ ಹಾಗೆ ಹರಡಿಕೊಂಡಿರುವ ಸ್ನಾಯುಗಳು ಮತ್ತು ಅವುಗಳ ಜೊತೆಗಿರುವ ನಾರುಗಳು ಅದು. ಪುಸ್ತಕದ ಕನ್ನಡದಲ್ಲಿ ಶ್ರೋಣಿತಳ, ಡಾಕ್ಟರ ಬಾಯಲ್ಲಿ ಪೆಲ್ವಿಕ್ ಫ್ಲೋರ್. ಮನೆಮಾತಿನಲ್ಲಿ ಅದಕ್ಕೆ ಹೆಸರೇ ಇಲ್ಲ, ಕೆಟ್ಟಾಗ ಮಾತ್ರ ಮಾತಿದೆ. “ಗರ್ಭಕೋಶ ಜಾರಿದೆ” ಅನ್ನುತ್ತಾರೆ, ಇಲ್ಲವೇ ದನಿ ತಗ್ಗಿಸಿ “ಸೀನಿದ್ರೆ ಒಂದ್ ಹನಿ ಬಂದ್ಬಿಡತ್ತೆ ಕಣೇ” ಅನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಹೊತ್ತಿರುವ ಅಂಗಕ್ಕೆ ಹೆಸರಿಲ್ಲದಿರುವುದು ಕೂಡ ಅದರ ಚರಿತ್ರೆಯ ಒಂದು ಭಾಗ ಅಂತ ನನಗನ್ನಿಸುತ್ತದೆ.

ಮೊದಲು ಲೆಕ್ಕ. ಹೊಟ್ಟೆಯನ್ನು ನೀರು ತುಂಬಿದ ಒಂದು ಡಬ್ಬಿ ಅಂದುಕೊಳ್ಳಿ. ಮುಚ್ಚಳ ವಪೆ, ಹಿಂಗೋಡೆ ಬೆನ್ನುಮೂಳೆ, ಮುಂಗೋಡೆ ಹೊಟ್ಟೆಯ ಸ್ನಾಯು, ತಳ ಈ ತೊಟ್ಟಿಲ ಬಟ್ಟೆ. ಮುಚ್ಚಿದ ಡಬ್ಬಿಯಲ್ಲಿ ಒತ್ತಡ ಹೆಚ್ಚಾದರೆ ಅದು ಎಲ್ಲ ಗೋಡೆಗೂ ಹಂಚಿಕೆಯಾಗುತ್ತದೆ. ಪಾಸ್ಕಲ್ ನಿಯಮ, ಹೈಸ್ಕೂಲಿನಲ್ಲಿ ಓದಿದ್ದೇ. 2005ರಲ್ಲಿ ಅಮೆರಿಕದಲ್ಲಿ 20 ಆರೋಗ್ಯವಂತರ ಹೊಟ್ಟೆಯೊಳಗಿನ ಒತ್ತಡ ಅಳೆದು ನೋಡಿದರು. ಮಲಗಿದಾಗ ಸುಮಾರು 2 ಮಿಲಿಮೀಟರ್ ಪಾದರಸ. ನಿಂತಾಗ 20. ಕೆಮ್ಮಿದಾಗ 107ರವರೆಗೆ, ಜಿಗಿದಾಗ 171ರವರೆಗೆ ಏರಿತ್ತು. ಬಿ.ಪಿ. ನೋಡಿಸಿಕೊಂಡು ಗೊತ್ತಿರುವವರಿಗೆ ಈ ಅಂಕಿಗಳು ಅರ್ಥವಾಗುತ್ತವೆ.

ಗೋಡೆಗಳಲ್ಲೆಲ್ಲ ತಳದ್ದೇ ಕಷ್ಟ ಯಾಕೆ? ಅದರಲ್ಲಿ ಒಂದು ಬಾಗಿಲಿದೆ. ಮೂತ್ರ, ಮಲ, ಮಗು ಎಲ್ಲವೂ ಆ ದಾರಿಯಲ್ಲೇ ಹೊರಬರಬೇಕು. ಈ ಬಾಗಿಲು 15 ಚದರ ಸೆಂಟಿಮೀಟರ್ ಇದೆ ಅಂತಿಟ್ಟುಕೊಂಡು ಕೆಮ್ಮಿನ ಒತ್ತಡದಿಂದ ಗುಣಿಸಿದರೆ ಸುಮಾರು 2.2 ಕೆಜಿ ಭಾರ. ಮುಕ್ಕಿದಾಗ ಬಾಗಿಲು 25 ಚದರ ಸೆಂಟಿಮೀಟರ್ ದಾಟಿ ಹಿಗ್ಗಿದರೆ ಅದು ಅಸಹಜ ಅಂತ ಇವತ್ತಿನ ಸ್ಕ್ಯಾನಿಂಗ್ ತಜ್ಞರು ಹೇಳುತ್ತಾರೆ. ಆ ಅಗಲಕ್ಕೆ ಅದೇ ಕೆಮ್ಮು 3.6 ಕೆಜಿ ಆಗುತ್ತದೆ. ಇದು ಕಾಗದದ ಹಿಂಬದಿಯಲ್ಲಿ ಮಾಡಿದ ಸರಳ ಗುಣಾಕಾರ, ನಿಜವಾದ ದೇಹ ಇಷ್ಟು ಸರಳ ಅಲ್ಲ. ಆದರೂ ಒಂದು ವಿಷಯ ಸ್ಪಷ್ಟ: ಬಾಗಿಲು ಅಗಲವಾದಷ್ಟೂ ಅದೇ ಕೆಮ್ಮು ಹೆಚ್ಚು ಭಾರವಾಗುತ್ತದೆ, ಭಾರ ಹೆಚ್ಚಾದಷ್ಟೂ ಬಾಗಿಲು ಇನ್ನಷ್ಟು ಅಗಲವಾಗುತ್ತದೆ.

ಈಗ ಚರಿತ್ರೆಗೆ ಬರೋಣ. ಸಮಸ್ಯೆ ಹಳೆಯದು. ಹಿಪ್ಪೊಕ್ರೇಟಿಸ್ ಹೆಸರಿನ ಗ್ರೀಕ್ ಗ್ರಂಥಗಳಲ್ಲಿ, ಗರ್ಭಕೋಶ ಜಾರಿದವಳನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಅಲುಗಾಡಿಸುವ ಚಿಕಿತ್ಸೆ ಇದೆ. ಒಳಗೆ ತಡೆಯಾಗಿ ದಾಳಿಂಬೆ ಇಡುವ ಉಪಾಯವೂ ಇದೆ. ನಮ್ಮ ಚರಕಸಂಹಿತೆ ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಪಟ್ಟಿ ಮಾಡಿದೆ. ಜಾರಿದ ಅಂಗಕ್ಕೆ ಎಣ್ಣೆ ಹಚ್ಚಿ, ಕಾವು ಕೊಟ್ಟು, ಕೈಯಿಂದ ಮೆಲ್ಲನೆ ಒಳಗೆ ಸೇರಿಸಲು ಹೇಳುತ್ತದೆ. ಏಣಿಗಿಂತ ಇದು ಎಷ್ಟೋ ಮೃದು. ಎರಡೂ ಕಡೆ ಒಂದು ಕೊರತೆ ಸಮಾನವಾಗಿದೆ. ಜಾರಿದ ವಸ್ತುವಿನ ಮೇಲೆಯೇ ಎಲ್ಲರ ಕಣ್ಣು. ಅದನ್ನು ಇಷ್ಟು ದಿನ ಹಿಡಿದಿಟ್ಟದ್ದು ಯಾವುದು ಅಂತ ಕೇಳಿದವರು ಕಡಿಮೆ.

ಹಿಡಿದಿಡುವ ಸ್ನಾಯುವಿನ ಬಗ್ಗೆ ಗಮನ ಕೊಟ್ಟವರು ಬೇರೆಯದೇ ಜನ, ಹಠಯೋಗಿಗಳು. ಹದಿನೈದನೆಯ ಶತಮಾನದ್ದೆಂದು ಹೇಳುವ ಹಠಯೋಗ ಪ್ರದೀಪಿಕೆಯಲ್ಲಿ ಮೂಲಬಂಧ ಬರುತ್ತದೆ. ಹಿಮ್ಮಡಿಯಿಂದ ತಳವನ್ನು ಒತ್ತಿ, ಗುದವನ್ನು ಸಂಕೋಚಿಸಿ, ಅಪಾನವಾಯುವನ್ನು ಮೇಲಕ್ಕೆ ಎಳೆಯುವುದು. ಈ ವಿದ್ಯೆಯ ಆಧುನಿಕ ಕಥೆ ನಮ್ಮ ನಾಡಿನದ್ದೇ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಅವರು ‘ಯೋಗ ಮಕರಂದ’ ಬರೆದದ್ದು ಕನ್ನಡದಲ್ಲಿ. ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರು. ಇಂದಿರಾನಗರದ ಯೋಗ ಸ್ಟುಡಿಯೋದಲ್ಲಿ “ಮೂಲಬಂಧ ಹಿಡೀರಿ” ಅಂತ ಕೇಳಿಸಿದರೆ, ಆ ಮಾತು ಮೈಸೂರು ಸುತ್ತಿ ಬಂದಿರೋ ಸಾಧ್ಯತೆ ಹೆಚ್ಚು.

ಹಾಗಂತ “ನಮ್ಮೋರಿಗೆ ಎಲ್ಲಾ ಮೊದಲೇ ಗೊತ್ತಿತ್ತು” ಅಂತ ಎದೆ ತಟ್ಟಿಕೊಳ್ಳೋಕೆ ಇಲ್ಲಿ ಜಾಗ ಇಲ್ಲ. ಮೂಲಬಂಧದ ಗುರಿ ಪ್ರಾಣಶಕ್ತಿ, ಅದನ್ನು ಬರೆದಿಟ್ಟದ್ದು ಹೆಚ್ಚಾಗಿ ಗಂಡು ಸಾಧಕರಿಗಾಗಿ. ಹೆರಿಗೆಯಾದ ಮೂರನೇ ವಾರಕ್ಕೆ ಭಾವಿಯಿಂದ ಬಿಂದಿಗೆ ಎಳೆಯುತ್ತಿದ್ದ ಹೆಣ್ಣಿಗೆ ಅದನ್ನು ಕಲಿಸಬೇಕು ಅಂತ ಅರಮನೆಯ ಶಾಲೆಗೂ ಅನಿಸಲಿಲ್ಲ, ಸೂಲಗಿತ್ತಿಗೂ ಆ ಪುಸ್ತಕ ಸಿಗಲಿಲ್ಲ. ವಿದ್ಯೆ ಒಂದು ಬೀದಿಯಲ್ಲಿ, ನೋವು ಇನ್ನೊಂದು ಬೀದಿಯಲ್ಲಿ.

ಅಳತೆ ಬಂದದ್ದು 1948ರಲ್ಲಿ. ಲಾಸ್ ಏಂಜಲೀಸ್‌ನ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೇಗಲ್ ಒಂದು ಲೇಖನ ಪ್ರಕಟಿಸಿದರು. ಗಾಳಿ ತುಂಬಿದ ಒಂದು ಚಿಕ್ಕ ಕೊಳವೆ, ಅದಕ್ಕೆ ಜೋಡಿಸಿದ ಒತ್ತಡದ ಮಾಪಕ. ಹೆಣ್ಣು ತಳದ ಸ್ನಾಯುವನ್ನು ಬಿಗಿ ಮಾಡಿದರೆ ಮುಳ್ಳು ಮೇಲೇರುತ್ತದೆ. ಸಾಧನಕ್ಕೆ ಪೆರಿನಿಯೋಮೀಟರ್ ಅಂತ ಹೆಸರಿಟ್ಟರು. ವ್ಯಾಯಾಮವಂತೂ ಅವರಿಗಿಂತ ಮುಂಚೆಯೇ ಇತ್ತು. ಬ್ರಿಟನ್ನಿನಲ್ಲಿ ನರ್ತಕಿ, ಫಿಸಿಯೋಥೆರಪಿಸ್ಟ್ ಮಾರ್ಗರೆಟ್ ಮಾರಿಸ್ 1930ರ ದಶಕದಲ್ಲೇ ಹೇಳಿಕೊಟ್ಟಿದ್ದರು. ಕೇಗಲ್ ಸೇರಿಸಿದ್ದು ಮುಳ್ಳನ್ನು. ಈ ವಾರ ಎಷ್ಟಿತ್ತು, ಮುಂದಿನ ವಾರ ಎಷ್ಟಾಯಿತು ಅಂತ ಹೆಣ್ಣು ತಾನೇ ನೋಡಿಕೊಳ್ಳಬಹುದಾಯಿತು. ಏಣಿ, ದಾಳಿಂಬೆ, ಎಣ್ಣೆ ಎಲ್ಲದರಲ್ಲೂ ಅವಳು ಮಲಗಿರುವವಳು. ಇಲ್ಲಿ ಮೊದಲ ಸಲ ಅವಳೇ ಕೆಲಸ ಮಾಡುವವಳು. ಇವತ್ತಿನ ಸಾಕ್ಷ್ಯವೂ ಗಟ್ಟಿಯಾಗಿದೆ. 2018ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಕೆಮ್ಮಿದಾಗ ಮೂತ್ರ ಸೋರುವ ತೊಂದರೆ ಇದ್ದವರಲ್ಲಿ ಈ ತರಬೇತಿ ಪಡೆದವರ ಪೈಕಿ ಶೇ. 56 ಮಂದಿ ಗುಣವಾಯಿತೆಂದರು. ಪಡೆಯದವರಲ್ಲಿ ಹಾಗೆ ಹೇಳಿದವರು ಶೇ. 6.

ಅದೇ 1948ರಲ್ಲಿ ಹೊಸ ಭಾರತ ಎರಡು ಕಾನೂನು ಮಾಡಿತು. ಒಂದು ಕಾರ್ಖಾನೆ ಕಾಯ್ದೆ. ಅದರ 34ನೆಯ ಸೆಕ್ಷನ್ ಯಾರಿಂದಲೂ ಅಪಾಯವಾಗುವಷ್ಟು ಭಾರ ಎತ್ತಿಸಬಾರದು ಎನ್ನುತ್ತಿತ್ತು, ಹೆಂಗಸರಿಗೆ ಬೇರೆಯೇ ಮಿತಿ ನಿಗದಿ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಡುತ್ತಿತ್ತು. ಇನ್ನೊಂದು ಇಎಸ್‌ಐ ಕಾಯ್ದೆ. ಎಚ್‌ಎಎಲ್‌ನಂಥ ಕಾರ್ಖಾನೆಯ ಗೇಟಿನೊಳಗೆ ಭಾರಕ್ಕೆ ಕಾನೂನು ಬಂತು. ಗೇಟಿನ ಹೊರಗೆ, ತಲೆಯ ಮೇಲೆ ಜಲ್ಲಿ ಬಾಂಡ್ಲಿ ಹೊತ್ತ ಗಾರೆ ಕೆಲಸದವಳಿಗೆ, ಸೊಂಟದ ಮೇಲೆ ಬಿಂದಿಗೆ ಹೊತ್ತವಳಿಗೆ ಬರಲಿಲ್ಲ.

ನಮ್ಮಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. ಯುರೋಪಿನಲ್ಲಿ ಗರ್ಭಕೋಶ ಜಾರುವುದು ಬಹುಮಟ್ಟಿಗೆ ವಯಸ್ಸಾದವರ ಸಮಸ್ಯೆ. ಭಾರತದ ಆಸ್ಪತ್ರೆಗಳಿಗೆ ಇಪ್ಪತ್ತರ ಹರೆಯದವರೂ ಬರುತ್ತಿದ್ದರು. ಎಳೆ ವಯಸ್ಸಿಗೆ ಹೆರಿಗೆ, ಬಾಯಿ ತೆರೆಯುವ ಮುಂಚೆಯೇ “ಮುಕ್ಕು ಮುಕ್ಕು” ಅನ್ನುವ ಒತ್ತಾಯ, ಹೆರಿಗೆಯ ಬೆನ್ನಿಗೇ ಕೂಲಿ. ಗರ್ಭಕೋಶ ತೆಗೆದುಬಿಟ್ಟರೆ ಅವರಿಗೆ ಮಕ್ಕಳಾಗುವುದಿಲ್ಲ. ಇಂಗ್ಲೆಂಡಿನಿಂದ ಬಂದ ಮ್ಯಾಂಚೆಸ್ಟರ್ ಶಸ್ತ್ರಚಿಕಿತ್ಸೆ ಗರ್ಭಕೋಶದ ಕೊರಳನ್ನೇ ಕತ್ತರಿಸುತ್ತಿತ್ತು. ಬಸಿರು ನಿಲ್ಲುವುದು ಕಷ್ಟವಾಗುತ್ತಿತ್ತು.

ಇಲ್ಲಿ ಬರುವವರು ವಿಠ್ಠಲ ನಾಗೇಶ ಶಿರೋಡ್ಕರ್. ಹುಟ್ಟಿದ್ದು 1899ರಲ್ಲಿ ಗೋವಾದ ಶಿರೋಡಾದಲ್ಲಿ, ಶಾಲೆ ಕಲಿತದ್ದು ನಮ್ಮ ಹುಬ್ಬಳ್ಳಿಯಲ್ಲಿ, ಡಾಕ್ಟರಾದದ್ದು ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ. ಸಡಿಲವಾದ ಗರ್ಭಕೋಶದ ಕೊರಳಿಗೆ ತೊಡೆಯ ಪೊರೆಯಿಂದ ತೆಗೆದ ಪಟ್ಟಿ ಸುತ್ತಿ ಹೊಲಿಯುವ ಅವರ ‘ಶಿರೋಡ್ಕರ್ ಹೊಲಿಗೆ’ 1955ರಿಂದ ಜಗತ್ಪ್ರಸಿದ್ಧ. ಅವರ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ಜಾರಿದ ಗರ್ಭಕೋಶವನ್ನು ತೆಗೆಯದೆ, ಕೊರಳನ್ನು ಕತ್ತರಿಸದೆ, ಅದರ ಹಿಂಭಾಗದಿಂದ ಬೆನ್ನುಮೂಳೆಯ ಬುಡದವರೆಗೆ ಒಂದು ಪಟ್ಟಿ ಕಟ್ಟಿ ನಿಲ್ಲಿಸುವುದು. ಹರಿದ ಹಗ್ಗಕ್ಕೆ ಬದಲು ಹೊಸ ಹಗ್ಗ. ಮುಂಬಯಿಯಲ್ಲೇ ಪುರಂದರೆ ಹೆಸರಿನ ಇನ್ನೊಂದು ವಿಧಾನ ಬಂತು. ಅದರಲ್ಲಿ ಹಗ್ಗದ ತುದಿಯನ್ನು ಮುಂದೆ ಹೊಟ್ಟೆಯ ಸ್ನಾಯುವಿನ ಹೊದಿಕೆಗೆ ಕಟ್ಟುತ್ತಾರೆ. ಕೆಮ್ಮಿದಾಗ ಹೊಟ್ಟೆ ಬಿಗಿಯಾಗುತ್ತದಲ್ಲ, ಆಗ ಅದೇ ಬಿಗಿತ ಗರ್ಭಕೋಶವನ್ನು ಮೇಲಕ್ಕೆ ಎಳೆಯುತ್ತದೆ. ಶತ್ರುವಿನ ಬಲವನ್ನೇ ಕೂಲಿಗೆ ಇಟ್ಟುಕೊಂಡ ಹಾಗೆ! ‘ಬಯೋಮೆಕ್ಯಾನಿಕ್ಸ್’ ಪದ ಆಸ್ಪತ್ರೆಗಳಿಗೆ ಬರುವ ಮೊದಲೇ ಈ ಸರ್ಜನ್ನರು ಸ್ಥಿರ ಆಧಾರ, ಚಲ ಆಧಾರ ಅಂತ ಇಂಜಿನಿಯರುಗಳ ಹಾಗೆ ಯೋಚಿಸುತ್ತಿದ್ದರು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಹಗ್ಗ ಹರಿಯೋದು ಯಾಕೆ? ಉತ್ತರ ಸ್ಪಷ್ಟವಾದದ್ದು 1990ರ ದಶಕದಲ್ಲಿ. 1993ರಲ್ಲಿ ಪೆಗಿ ನಾರ್ಟನ್ ಕೊಟ್ಟ ಹೋಲಿಕೆ ನನಗೆ ಇಷ್ಟ. ಗರ್ಭಕೋಶ ಒಂದು ದೋಣಿ, ನಾರುಗಳು ಅದನ್ನು ದಡಕ್ಕೆ ಕಟ್ಟಿದ ಹಗ್ಗ, ತಳದ ಸ್ನಾಯು ನೀರು. ನೀರು ಇರುವವರೆಗೆ ಹಗ್ಗಕ್ಕೆ ಕೆಲಸವೇ ಕಡಿಮೆ. ನೀರು ಇಳಿದರೆ ದೋಣಿಯ ಇಡೀ ಭಾರ ಹಗ್ಗದ ಮೇಲೆ. ನಾರು ಹರಿದಿದೆ ಅಂದರೆ ಅದಕ್ಕೂ ಮೊದಲೇ ಸ್ನಾಯು ಸೋತಿರಬಹುದು. ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಡಿಲ್ಯಾನ್ಸಿ 1994ರಲ್ಲಿ ಮೂತ್ರನಾಳದ ಬಗ್ಗೆ ಇನ್ನೊಂದು ಹೋಲಿಕೆ ಕೊಟ್ಟರು. ಟಾರು ರಸ್ತೆಯ ಮೇಲಿನ ನೀರಿನ ಪೈಪನ್ನು ತುಳಿದರೆ ನೀರು ನಿಲ್ಲುತ್ತದೆ. ಅದೇ ಪೈಪು ಮೆತ್ತನೆ ಕೆಸರಿನ ಮೇಲಿದ್ದರೆ ಎಷ್ಟು ತುಳಿದರೂ ಹರಿಯುತ್ತದೆ. ಸೀನಿದಾಗ ಹನಿ ಬರುವುದು ಕೆಳಗಿನ ನೆಲ ಮೆತ್ತಗಾಗಿದ್ದರಿಂದ.

ನೆಲ ಮೆತ್ತಗಾಗುವುದು ಯಾವಾಗ? 2003ರಲ್ಲಿ ಡಿಲ್ಯಾನ್ಸಿ ಗುಂಪು ಎಂಆರ್‌ಐ ಮಾಡಿ ನೋಡಿದಾಗ, ಮೊದಲ ಸಹಜ ಹೆರಿಗೆಯಾದ 160 ಮಂದಿಯಲ್ಲಿ 32 ಜನರ ಸ್ನಾಯುವಿನಲ್ಲಿ ಕಣ್ಣಿಗೆ ಕಾಣುವ ಹಾನಿ ಇತ್ತು. ಹೆರಿಗೆಯೇ ಆಗದ 80 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ಮರುವರ್ಷ ಅದೇ ವಿಶ್ವವಿದ್ಯಾಲಯದ ಇಂಜಿನಿಯರುಗಳು ಹೆರಿಗೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದರು. ಮಗುವಿನ ತಲೆ ಹೊರಬರುವಾಗ ಈ ಸ್ನಾಯುವಿನ ಒಳ ಅಂಚು ತನ್ನ ಉದ್ದದ 3.26 ಪಟ್ಟು ಹಿಗ್ಗಬೇಕು. ಕೈಕಾಲಿನ ಸ್ನಾಯು ಒಂದೂವರೆ ಪಟ್ಟು ದಾಟಿದರೆ ಹರಿಯುತ್ತದೆ. ಬಹಳಷ್ಟು ಹೆಂಗಸರಲ್ಲಿ ಇದು ಹರಿಯದೆ ಉಳಿಯುವುದೇ ಆಶ್ಚರ್ಯ. ಬಸಿರಿನ ತಿಂಗಳುಗಳಲ್ಲಿ ಈ ಅಂಗಾಂಶ ತನ್ನನ್ನು ತಾನೇ ಮೆದುಗೊಳಿಸಿಕೊಳ್ಳುತ್ತದೆ, ನಿಧಾನಕ್ಕೆ ಎಳೆದರೆ ನಿಧಾನಕ್ಕೆ ಬಿಟ್ಟುಕೊಡುತ್ತದೆ.

ಇಲ್ಲಿ ನಮ್ಮ ಪಕ್ಕದ ವಿಮಾನದವರ ಪಾಠ ಒಂದಿದೆ. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಮೆಡಿಟರೇನಿಯನ್ ಮೇಲೆ ಹಾರುವಾಗ ಆಕಾಶದಲ್ಲೇ ಒಡೆದವು. ಒಂದೊಂದು ಹಾರಾಟದಲ್ಲೂ ಕ್ಯಾಬಿನ್ನಿಗೆ ಒತ್ತಡ ತುಂಬುತ್ತಾರೆ, ಇಳಿಸುತ್ತಾರೆ. ಫಾರ್ನ್‌ಬರೋದಲ್ಲಿ ಒಂದು ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಆ ಒತ್ತಡವನ್ನು ಸಾವಿರಾರು ಸಲ ಹೇರಿದಾಗ, ಕವಚದಲ್ಲಿದ್ದ ತೆರಪಿನ ಮೂಲೆಯಲ್ಲಿ ಬಿರುಕು ಶುರುವಾಯಿತು. ಒಂದು ದೊಡ್ಡ ಹೊಡೆತವಲ್ಲ, ಪುನಃಪುನಃ ಬಿದ್ದ ಚಿಕ್ಕ ಭಾರ, ಅದೂ ತೆರಪು ಇರುವ ಜಾಗದಲ್ಲಿ. ಅಂದಿನಿಂದ ಪ್ರತಿ ವಿಮಾನಕ್ಕೂ ಎಷ್ಟು ಹಾರಾಟ ಆಯಿತು ಅಂತ ದಾಖಲೆ ಇಡುತ್ತಾರೆ. ಲೋಹಕ್ಕಿಲ್ಲದ ಒಂದು ವರ ಮೈಗಿದೆ, ಬಿಡುವು ಕೊಟ್ಟರೆ ಅದು ಮಾಗುತ್ತದೆ. ಹೆಣ್ಣಿನ ಮೈಗೆ ದಾಖಲೆಯೂ ಇರಲಿಲ್ಲ, ಬಿಡುವೂ ಇರಲಿಲ್ಲ.

ಬಿಡುವು ಪೂರ್ತಿ ಇರಲಿಲ್ಲ ಅನ್ನೋದು ತಪ್ಪು. ಬಾಣಂತನ ಅಂತ ಒಂದಿತ್ತು. ನಲವತ್ತು ದಿನ ಭಾರ ಎತ್ತಬಾರದು, ನೀರು ಸೇದಬಾರದು, ಮಲಗಿರಬೇಕು. ಮಲಗಿದಾಗ 2, ನಿಂತಾಗ 20 ಅನ್ನೋ ಅಂಕಿ ನೋಡಿದ ಮೇಲೆ ನನಗೆ ಅಜ್ಜಿಯರ ಹಠ ಬೇರೆಯೇ ಥರ ಕಾಣಿಸುತ್ತಿದೆ. ಆದರೆ ಎಲ್ಲವೂ ಸರಿಯಿರಲಿಲ್ಲ. ಹೊಟ್ಟೆಗೆ ಬಟ್ಟೆ ತೀರಾ ಬಿಗಿದು ಕಟ್ಟಿದರೆ ಒತ್ತಡ ಕೆಳಕ್ಕೆ ಹೋಗುತ್ತದೆ ಅಂತ ಈಗಿನ ಫಿಸಿಯೋಥೆರಪಿಸ್ಟರು ಎಚ್ಚರಿಸುತ್ತಾರೆ. ಮುಖ್ಯವಾಗಿ, ಬಾಣಂತನ ಸಿಗುತ್ತಿದ್ದುದು ತವರು ಗಟ್ಟಿಯಿದ್ದವರಿಗೆ. ಕೂಲಿ ಮಾಡುವವಳ ಬಾಣಂತನ ಕಾಳು ಮುಗಿಯುವವರೆಗೆ.

ಈ ನೋವು ಡಾಕ್ಟರ ತನಕ ತಲುಪುತ್ತಿತ್ತೇ? ಶಿವಾಜಿನಗರದಲ್ಲಿ ಸರ್ ಹಾಜಿ ಇಸ್ಮಾಯಿಲ್ ಸೇಠರ ಹೆಸರಿನ ಗೋಷಾ ಆಸ್ಪತ್ರೆ ಇದೆ. ಗೋಷಾ ಅಂದರೆ ಪರದೆ. ಪರದೆಯೊಳಗಿನ ಹೆಂಗಸರೂ ಬರಲಿ ಅಂತ ಕಟ್ಟಿದ್ದು. 1935ರಲ್ಲಿ ಕೋಟೆಯ ಬಳಿ ವಾಣಿವಿಲಾಸ ಆಸ್ಪತ್ರೆ ಶುರುವಾಯಿತು. ಕಟ್ಟಡಗಳು ಬಂದವು, ಬಾಯಿ ಬಿಡುವುದು ತಡವಾಯಿತು. ಪಕ್ಕದ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತವರ ತಂಡ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಶೇ. 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೂ ಮುಂಚೆ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ. 8 ಮಾತ್ರ. 2008ರಲ್ಲಿ ನೇಪಾಳದ ಸುಪ್ರೀಂ ಕೋರ್ಟು ಗರ್ಭಕೋಶ ಜಾರುವಿಕೆಯನ್ನು ಹೆಂಗಸರ ಸಂತಾನ ಹಕ್ಕಿನ ಪ್ರಶ್ನೆಯೆಂದು ಗುರುತಿಸಿ ಸರ್ಕಾರಕ್ಕೆ ಆದೇಶ ಕೊಟ್ಟಿತು.

ಆಧಾರದ ಬಗ್ಗೆ ಯಾರೂ ಮಾತಾಡದಿದ್ದಾಗ ಏನಾಗುತ್ತದೆ ಅನ್ನುವುದಕ್ಕೂ ಚರಿತ್ರೆಯಲ್ಲಿ ಪಾಠಗಳಿವೆ. ಒಂದು, ತೆಗೆದುಬಿಡುವುದು. ಕಳೆದ ದಶಕದಲ್ಲಿ ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರು, ಅಗತ್ಯವಿಲ್ಲದೆಯೇ ತಮ್ಮ ಗರ್ಭಕೋಶ ತೆಗೆಯಲಾಯಿತೆಂದು ಬೀದಿಗಿಳಿದದ್ದು ನೆನಪಿರಬಹುದು. ಜಾರಿದ ಕಾರಣಕ್ಕೆ ತೆಗೆದರೂ, ದೋಣಿ ಹೋಗುತ್ತದೆಯೇ ಹೊರತು ಇಳಿದ ನೀರು ಏರುವುದಿಲ್ಲ. ಮೂತ್ರಕೋಶವೋ ಗುದನಾಳವೋ ಆಮೇಲೆ ಜಾರಬಹುದು. ಇನ್ನೊಂದು, ಅವಸರದ ಇಂಜಿನಿಯರಿಂಗ್. ಹರ್ನಿಯಾಕ್ಕೆ ಬಳಸುತ್ತಿದ್ದ ಪಾಲಿಪ್ರೊಪಿಲೀನ್ ಜಾಲರಿಯನ್ನು ಯೋನಿಯ ಮೂಲಕ ಕೂರಿಸಲು ಶುರು ಮಾಡಿದರು. ಗಟ್ಟಿ ಪ್ಲಾಸ್ಟಿಕ್ಕು, ಮೆತ್ತನೆ ಮೈ. ಎಳೆತ ಬಿದ್ದಾಗ ಜಾಲರಿಯ ಕಣ್ಣು ಮುಚ್ಚಿಕೊಳ್ಳುತ್ತದೆ, ಸುತ್ತಲಿನ ಅಂಗಾಂಶ ಸೊರಗುತ್ತದೆ. ಸಾವಿರಾರು ಹೆಂಗಸರು ನೋವು ಹೇಳಿಕೊಂಡ ಮೇಲೆ, 2019ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಜಾರುವಿಕೆಗಾಗಿ ಹೀಗೆ ಕೂರಿಸುವ ಜಾಲರಿಗಳ ಮಾರಾಟ ನಿಲ್ಲಿಸಿತು. ವಿಮಾನದ ಒಂದು ಬೋಲ್ಟು ಬದಲಿಸಲು ಬೇಕಾದಷ್ಟು ಪರೀಕ್ಷೆಯೂ ಇಲ್ಲದೆ ಮೈಯೊಳಗೆ ಪ್ಲಾಸ್ಟಿಕ್ ಇಟ್ಟದ್ದು ನನಗೆ ಈಗಲೂ ಅರಗುವುದಿಲ್ಲ.

2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ನಮ್ಮ ವಾಯುಪಡೆಯ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದರು. ತಿರುವಿನಲ್ಲಿ ಪ್ರಜ್ಞೆ ತಪ್ಪದಿರಲು ಫೈಟರ್ ಪೈಲಟ್‌ಗಳು ಕಾಲು, ಹೊಟ್ಟೆ ಬಿಗಿದು, ಉಸಿರು ಕಟ್ಟಿ ಮುಕ್ಕಬೇಕು. ಹೊಟ್ಟೆಯೊಳಗಿನ ಒತ್ತಡಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ? ಪೈಲಟ್‌ಗೆ ಅದನ್ನು ಹೇಳಿಕೊಡುವ ಸಂಸ್ಥೆ ಇದೆ, ವೈದ್ಯರಿದ್ದಾರೆ. ಜಿಮ್‌ನಲ್ಲಿ ಡೆಡ್‌ಲಿಫ್ಟ್ ಮಾಡುವ ನಮ್ಮಂಥವರಿಗೂ ಈಗ ತಳದ ಸ್ನಾಯುವಿನ ಫಿಸಿಯೋಥೆರಪಿಸ್ಟರು ಸಿಗುತ್ತಾರೆ. ಹೆರಿಗೆಯ ನಂತರ ಒಮ್ಮೆ ತೋರಿಸಿ. ಯೂಟ್ಯೂಬ್ ನೋಡಿ ಕೇಗಲ್ ಶುರು ಮಾಡಬೇಡಿ, ಕೆಲವರಿಗೆ ಸ್ನಾಯು ಮೊದಲೇ ತೀರಾ ಬಿಗಿಯಾಗಿರುತ್ತದೆ. ಭಾರ ಎತ್ತುವಾಗ ಉಸಿರು ಕಟ್ಟುವ ಬದಲು ಬಿಡುತ್ತ ಎತ್ತಿ.

ನಮ್ಮ ಬಡಾವಣೆಗೆ ಹೆಸರು ಬಂದದ್ದು ಎಲ್‌ಐಸಿಯಿಂದ. 1956ರಲ್ಲಿ 245 ಖಾಸಗಿ ವಿಮಾ ಸಂಸ್ಥೆಗಳನ್ನು ಒಟ್ಟುಗೂಡಿಸಿ ಕಟ್ಟಿದ ನಿಗಮ ಅದು. ನಷ್ಟವನ್ನು ಒಬ್ಬರ ಮೇಲೆ ಬಿಡದೆ ಎಲ್ಲರಿಗೂ ಹಂಚುವುದೇ ವಿಮೆಯ ತತ್ವ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಆ ತತ್ವದ್ದೇ ಮಗು. 2017ರಲ್ಲಿ ರಜೆ 12 ವಾರದಿಂದ 26ಕ್ಕೆ ಏರಿತು. ನನ್ನ ಆಫೀಸಿನ ಗೆಳತಿಯರಿಗೆ ಅದು ಸಿಗುತ್ತದೆ. ಅವರ ಮನೆಗಳಲ್ಲಿ ನೆಲ ಒರೆಸುವವರಿಗೆ ಸಿಗುವುದಿಲ್ಲ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ ಮೊದಲ ರಾಜ್ಯ ಕರ್ನಾಟಕವೇ, 2004ರಲ್ಲಿ. ಆದರೆ ಮನೆಯೊಂದು ಆ ಕಾಯ್ದೆ ಹೇಳುತ್ತಿದ್ದ ‘ಸಂಸ್ಥೆ’ ಆಗಿರಲಿಲ್ಲ, ಹಾಗಾಗಿ ರಜೆಯ ಲೆಕ್ಕ ಅವರಿಗಿಲ್ಲ.

ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. 20 ಲೀಟರಿನ ನೀರಿನ ಕ್ಯಾನ್ ಅಂದರೆ 20 ಕೆಜಿ. ಹೆರಿಗೆಯಾಗಿ ಎರಡು ತಿಂಗಳಿಗೆ ಕೆಲಸಕ್ಕೆ ಮರಳಿದವಳ ಕೈಯಲ್ಲಿ ಅದನ್ನು ಮೂರನೇ ಮಹಡಿಗೆ ಎತ್ತಿಸಬೇಡಿ. ಅವಳು ಬಾರದ ತಿಂಗಳುಗಳ ಸಂಬಳ ಹಿಡಿಯಬೇಡಿ. ವಾಪಸ್ ಬಂದಾಗ “ಯಾಕಮ್ಮಾ, ಮೈ ಹುಷಾರಾಗಿದೆಯಾ?” ಅಂತ ಕೇಳಿ, ಅವಳು ದನಿ ತಗ್ಗಿಸಿದರೆ ಹತ್ತಿರ ಕೂತು ಕೇಳಿಸಿಕೊಳ್ಳಿ.